ಕೋಕಾ: ರೌಡಿ ಶೀಟ್ ಬೇರೆ, ಚಾರ್ಜ್‌ಶೀಟ್ ಬೇರೆ

'ಆರೋಪಿಗಳ ಮೇಲೆ ಕೋಕಾ ಹಾಕಲಾಗಿದೆ' ಎಂದು ಪೇಪರಿನಲ್ಲಿ ಆಗಾಗ ಓದುತ್ತೇವೆ. ಏನೋ ದೊಡ್ಡ ಕೇಸಿರಬೇಕು ಅಂದುಕೊಂಡು ಪುಟ ತಿರುಗಿಸುತ್ತೇವೆ. ಆ ಆರೋಪಿಗೆ ವಕಾಲತ್ತು ಹಾಕಿದ ವಕೀಲರಿಗೆ ಹಾಗೆ ಪುಟ ತಿರುಗಿಸೋಕೆ ಆಗಲ್ಲ. ಕ್ರಿಮಿನಲ್ ಕೇಸುಗಳಲ್ಲಿ ಪಳಗಿದವರೂ ಇಲ್ಲಿ ಕೆಲವು ಪಾಠಗಳನ್ನು ಹೊಸದಾಗಿ ಕಲಿಯಬೇಕು.

ಕೋಕಾ ಎಂದರೆ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, 2000. ಮಹಾರಾಷ್ಟ್ರದ 1999ರ ಮೋಕಾ ಇದಕ್ಕೆ ಅಣ್ಣನ ಹಾಗೆ.

ಗ್ಯಾಂಗ್ ಕಟ್ಟಿಕೊಂಡು ಹೊಡೆದಾಡಿದರೆ ಕೋಕಾ ಬೀಳುತ್ತದೆ ಎಂದು ಜನ ತಿಳಿದಿದ್ದಾರೆ. ಅಷ್ಟು ಸಾಲದು. ಕಾಯ್ದೆಯ ಕೀಲಿ ಇರುವುದು 'ಮುಂದುವರಿದ ಕಾನೂನುಬಾಹಿರ ಚಟುವಟಿಕೆ' ಎಂಬ ಮಾತಿನಲ್ಲಿ. ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾಗಿರಬೇಕು. ಹಿಂದಿನ ಹತ್ತು ವರ್ಷದಲ್ಲಿ ಅಂಥ ಅಪರಾಧಗಳಿಗೆ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಸಲ್ಲಿಕೆಯಾಗಿರಬೇಕು. ಅವುಗಳನ್ನು ಕೋರ್ಟು ಕಾಗ್ನಿಜೆನ್ಸ್‌ಗೆ, ಅಂದರೆ ತನ್ನ ಪರಿಗಣನೆಗೆ, ತೆಗೆದುಕೊಂಡಿರಬೇಕು.

ಹಾಗಾಗಿ ಕೊಲೆ ಹೇಗಾಯಿತು, ಯಾರು ನೋಡಿದರು ಅನ್ನುವುದಕ್ಕಿಂತ ಮೊದಲು ವಕೀಲರು ಲೆಕ್ಕಕ್ಕೆ ಕೂರಬೇಕು. ಹಳೇ ಕೇಸುಗಳ ಪ್ರತಿ ತರಿಸಿ, ತಾರೀಖು ನೋಡಿ, ಸೆಕ್ಷನ್ ನೋಡಿ, ಎಣಿಸಬೇಕು. 'ಇವನು ರೌಡಿ ಶೀಟರ್' ಎಂದು ಪೊಲೀಸರು ದಪ್ಪ ಫೈಲು ಮುಂದಿಟ್ಟರೂ ಹೆದರಬೇಕಿಲ್ಲ. ರೌಡಿ ಶೀಟ್ ಠಾಣೆಯ ಕಡತ. ಅದನ್ನು ತೆರೆಯುವವರೂ ಪೊಲೀಸರೇ, ಮುಚ್ಚುವವರೂ ಪೊಲೀಸರೇ. ಚಾರ್ಜ್‌ಶೀಟ್ ಕೋರ್ಟಿಗೆ ಹೋಗುವ ಕಾಗದ. ಕೋಕಾ ಕೇಳುವುದು ಎರಡನೆಯದನ್ನು.

ಆದರೆ ಈ ಲೆಕ್ಕದಲ್ಲಿ ಒಂದು ಸಿಕ್ಕು ಇದೆ. ಎರಡು ಚಾರ್ಜ್‌ಶೀಟ್ ಪ್ರತಿ ಆರೋಪಿಯ ಮೇಲೂ ಇರಬೇಕಾ? 2017ರಲ್ಲಿ ನಡೆದ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಒಬ್ಬ ಆರೋಪಿಯ ಮೇಲಿನ ಕೋಕಾವನ್ನು ಹೈಕೋರ್ಟ್ ರದ್ದು ಮಾಡಿತ್ತು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು. ಸಂಚಿನಲ್ಲಿ ಸೇರಿದವರು, ನೆರವು ಕೊಟ್ಟವರು, ಗ್ಯಾಂಗಿನವರನ್ನು ಬಚ್ಚಿಟ್ಟುಕೊಂಡವರು ತಾವೇ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್‌ಗಳಲ್ಲಿ ಇರಬೇಕಿಲ್ಲ ಎಂದಿತು. 'ನನ್ನ ಕಕ್ಷಿದಾರನ ಮೇಲೆ ಇದೊಂದೇ ಕೇಸು, ಸ್ವಾಮಿ' ಎಂಬ ವಾದವನ್ನೇ ನಂಬಿ ಕೂತವರಿಗೆ ಈ ತೀರ್ಪು ಸರಿಯಾದ ಪೆಟ್ಟು.

ಇನ್ನೊಂದು ಪಾಠ ತಪ್ಪೊಪ್ಪಿಗೆಯದು. ಸಾಮಾನ್ಯ ಕೇಸಿನಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಕೋಕಾದಲ್ಲಿ ಎಸ್‌ಪಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ನನಗೆ ಈ ಕಾಯ್ದೆಯಲ್ಲಿ ಅತಿ ಹೆಚ್ಚು ಕಸಿವಿಸಿ ಹುಟ್ಟಿಸುವ ಭಾಗ ಇದೇ. ಕಸ್ಟಡಿಯಲ್ಲಿ ಒಂದು ರಾತ್ರಿ ಏನು ನಡೆಯಿತು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ತಪ್ಪೊಪ್ಪಿಗೆ ಕೊಟ್ಟವನನ್ನು ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಹೊಡೆದರು ಎಂದು ಅವನು ಅಲ್ಲಿ ಹೇಳಿದರೆ ವೈದ್ಯಕೀಯ ಪರೀಕ್ಷೆ ಆಗಬೇಕು. ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಬಹುದು ಎಂದು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕೆಲಸ. ವರ್ಷಗಳ ನಂತರ ವಿಚಾರಣೆಯಲ್ಲಿ ಹೇಳಿದರೆ ಯಾರು ನಂಬುತ್ತಾರೆ, ಅಲ್ವಾ?

ಬೇಲ್ ಸುಲಭಕ್ಕೆ ಸಿಗಲ್ಲ. ನಿರೀಕ್ಷಣಾ ಜಾಮೀನಂತೂ ಇಲ್ಲವೇ ಇಲ್ಲ. ಚಾರ್ಜ್‌ಶೀಟ್ ಹಾಕಲು ಇರುವ 90 ದಿನವನ್ನು ಕೋರ್ಟು 180ರವರೆಗೆ ವಿಸ್ತರಿಸಬಹುದು. ಆ ಗಡುವು ಒಂದು ದಿನ ಮೀರಿದರೂ ಡೀಫಾಲ್ಟ್ ಬೇಲ್, ಅಂದರೆ ಚಾರ್ಜ್‌ಶೀಟ್ ತಡವಾಯಿತು ಎಂಬ ಕಾರಣಕ್ಕೇ ಸಿಗುವ ಜಾಮೀನು, ಕೇಳಬಹುದು, ಅದಕ್ಕೇ ಕ್ಯಾಲೆಂಡರಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ಕೋಕಾ ದಾಖಲಿಸುವ ಮೊದಲು ಹಿರಿಯ ಪೊಲೀಸ್ ಅಧಿಕಾರಿಯ ಒಪ್ಪಿಗೆ ಇತ್ತಾ, ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಳ್ಳುವ ಮೊದಲು ಮಂಜೂರಾತಿ ಬಂದಿತ್ತಾ ಎಂಬುದನ್ನೂ ಕಾಗದದಲ್ಲೇ ಹುಡುಕಬೇಕು.

ಈಗ ಈ ಲೆಕ್ಕ ಕೋಕಾ ಕೇಸಿಗಷ್ಟೇ ಸೀಮಿತವೂ ಅಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಸಂಘಟಿತ ಅಪರಾಧದ ಬಗ್ಗೆಯೇ ಇದೆ. ಅಲ್ಲೂ ಅದೇ ಹತ್ತು ವರ್ಷ, ಅದೇ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್.