ಒಳಹೊಕ್ಕ ಅಣು ಹೊರಬರಬೇಕು: ಫೈನ್ ಕೆಮಿಕಲ್‌ಗಳ ತಯಾರಿಕೆಯಲ್ಲಿ ಜಿಯೋಲೈಟ್

ಜಿಯೋಲೈಟ್ ಎಂದರೆ ಅಣುಗಳ ಜರಡಿ ಎಂಬ ಸಾಲನ್ನು ನಾವೆಲ್ಲರೂ ಬಾಯಿಪಾಠ ಮಾಡಿಕೊಂಡೇ ಪರೀಕ್ಷೆಗೆ ಹೋಗುತ್ತೇವೆ. ಸಾಲು ತಪ್ಪಲ್ಲ. ಆದರೆ ಔಷಧ, ಸುಗಂಧ, ಬಣ್ಣಗಳಿಗೆ ಬೇಕಾಗುವ ಫೈನ್ ಕೆಮಿಕಲ್‌ಗಳ ತಯಾರಿಕೆಯನ್ನು ಓದತೊಡಗಿದಾಗ ಅದು ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಜರಡಿಯ ವಿಷಯದಲ್ಲಿ ಯಾವುದು ಕೆಳಗಿಳಿಯಿತು, ಯಾವುದು ಮೇಲುಳಿಯಿತು ಎಂಬಷ್ಟೇ ಪ್ರಶ್ನೆ. ಇಲ್ಲಿ ಜಿಯೋಲೈಟ್ ವೇಗವರ್ಧಕ; ಅದರ ರಂಧ್ರದ ಒಳಹೊಕ್ಕ ಅಣು ಉತ್ಪನ್ನವಾದ ಮೇಲೆ ಹೊರಬರುತ್ತದೆಯೇ, ಬಂದರೆ ಎಷ್ಟು ಹೊತ್ತಿಗೆ ಎಂಬುದು ಬಹಳ ಸಲ ಇಳುವರಿಯನ್ನು ತೀರ್ಮಾನಿಸುತ್ತದೆ. ಕುತ್ತೆತ್ತೂರಿನ ಎಂಆರ್‌ಪಿಎಲ್‌ನಂಥ ತೈಲ ಶುದ್ಧೀಕರಣಾಗಾರಗಳ ಕ್ರ್ಯಾಕಿಂಗ್ (ದೊಡ್ಡ ಅಣುಗಳನ್ನು ಒಡೆಯುವ) ಘಟಕಗಳಲ್ಲಿ ಈ ಚಿಂತೆ ಅಷ್ಟಿಲ್ಲ. ಅಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿರುವ ಹೈಡ್ರೋಕಾರ್ಬನ್‌ಗಳು 'ವೈ' ಎಂಬ ಬಗೆಯ ಜಿಯೋಲೈಟ್‌ನ ರಂಧ್ರಗಳಿಂದ ಕ್ಷಣಗಳಲ್ಲಿ ಪಾರಾಗುತ್ತವೆ. ನಮ್ಮ ಫ್ಲಾಸ್ಕಿನಲ್ಲಿರುವುದು ದ್ರವ, ಉಷ್ಣತೆ ನೂರು ಡಿಗ್ರಿಯ ಆಸುಪಾಸು, ಅಣುಗಳೋ ಆಮ್ಲಜನಕವನ್ನೋ ಸಾರಜನಕವನ್ನೋ ಹೊತ್ತುಕೊಂಡ ಅಂಟುಸ್ವಭಾವದವು.

ರಚನೆಯನ್ನು ಮೊದಲು ನೋಡೋಣ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರೋನ್‌ಸ್ಟೆಡ್ಟ್, ಕಾಯಿಸಿದಾಗ ನೀರಾವಿ ಬಿಟ್ಟು ಕುದಿಯುವಂತೆ ಕಾಣುವ ಒಂದು ಖನಿಜಕ್ಕೆ 'ಕುದಿಯುವ ಕಲ್ಲು' ಎಂಬರ್ಥದ ಗ್ರೀಕ್ ಪದಗಳಿಂದ ಈ ಹೆಸರಿಟ್ಟ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಪರಮಾಣುಗಳು ತಲಾ ನಾಲ್ಕು ಆಮ್ಲಜನಕಗಳ ನಡುವೆ ಕುಳಿತು, ಆ ಆಮ್ಲಜನಕಗಳನ್ನು ಪರಸ್ಪರ ಹಂಚಿಕೊಂಡು ಕಟ್ಟುವ ಹರಳಿನ ಚೌಕಟ್ಟು ಇದು. ಸಿಲಿಕಾನಿನ ಜಾಗದಲ್ಲಿ ಅಲ್ಯೂಮಿನಿಯಂ ಬಂದಲ್ಲೆಲ್ಲ ಒಂದು ಋಣ ಆವೇಶ ಉಳಿಯುತ್ತದೆ; ಅದನ್ನು ಪ್ರೋಟಾನ್ ಸರಿದೂಗಿಸಿದರೆ ಆ ಜಾಗ ಬಲವಾದ ಆಮ್ಲವಾಗುತ್ತದೆ. ಹಾಗಾಗಿ ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ ಗೊತ್ತಿದ್ದರೆ ಆಮ್ಲತಾಣಗಳನ್ನು ಕಾಗದದ ಮೇಲೆಯೇ ಎಣಿಸಬಹುದು. ಅನುಪಾತ 12.5 ಇರುವ ಎಚ್-ಬೀಟಾದಲ್ಲಿ (ಪ್ರೋಟಾನ್ ಹೊತ್ತ ಬೀಟಾ ಎಂಬ ಜಿಯೋಲೈಟ್) ಸಿಲಿಕಾನ್, ಅಲ್ಯೂಮಿನಿಯಂ ಎರಡೂ ಸೇರಿ ಪ್ರತಿ 13.5 ಚೌಕಟ್ಟು ಪರಮಾಣುಗಳಿಗೆ ಒಂದು ಅಲ್ಯೂಮಿನಿಯಂ. ಅಂಥ ಒಂದು ಪರಮಾಣು ಮತ್ತು ಅದರ ಪಾಲಿನ ಎರಡು ಆಮ್ಲಜನಕ ಸೇರಿದ ಘಟಕದ ತೂಕ ಸುಮಾರು 60 ಎಂದು ಹಿಡಿದರೆ 810 ಗ್ರಾಂಗೆ ಒಂದು ಮೋಲ್, ಅಂದರೆ ಗ್ರಾಂಗೆ ಹೆಚ್ಚೆಂದರೆ 1.2 ಮಿಲಿಮೋಲ್. ಈ ಲೆಕ್ಕವನ್ನು ಮಾಡದೆ 'ಸ್ವಲ್ಪ ವೇಗವರ್ಧಕ ಹಾಕಿದೆವು' ಎಂದು ಬರೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ರಂಧ್ರದ ಅಗಲ ಅದರ ಬಾಯಿಯ ಸುತ್ತ ಎಷ್ಟು ಆಮ್ಲಜನಕಗಳಿವೆ ಎಂಬುದನ್ನು ಅವಲಂಬಿಸುತ್ತದೆ. ಎಂಟರ ಉಂಗುರವಿರುವ ಎ ಜಿಯೋಲೈಟ್‌ನಲ್ಲಿ ಸುಮಾರು 0.4 ನ್ಯಾನೋಮೀಟರ್, ಹತ್ತರ ಉಂಗುರದ ಝಡ್‌ಎಸ್‌ಎಂ-5ರಲ್ಲಿ 0.55, ಹನ್ನೆರಡರ ಉಂಗುರದ ಬೀಟಾದಲ್ಲಿ 0.66, ವೈಯಲ್ಲಿ 0.74. ಬೆಂಜೀನ್ ಉಂಗುರಕ್ಕೆ ಒಂದೆರಡು ಗುಂಪು ಸೇರಿಕೊಂಡ ಅಣುಗಳಿಗೆ ಝಡ್‌ಎಸ್‌ಎಂ-5 ಇಕ್ಕಟ್ಟಾಗುವುದರಿಂದ ಫೈನ್ ಕೆಮಿಕಲ್‌ಗಳ ಮಾತು ಬಂದಾಗ ಬೀಟಾ ಮತ್ತು ವೈ ಹೆಸರುಗಳೇ ಹೆಚ್ಚು ಕೇಳಿಬರುತ್ತವೆ.

ಆಕಾರದ ಆಯ್ಕೆ ಮೂರು ವಿಧ. ದೊಡ್ಡ ಅಣು ಒಳಗೇ ಹೋಗದಿರುವುದು, ದಪ್ಪನೆಯ ಉತ್ಪನ್ನ ಹೊರಬರಲಾರದೆ ಉಳಿಯುವುದು, ನಡುವಿನ ಸ್ಥಿತ್ಯಂತರ ರೂಪಕ್ಕೇ ಜಾಗ ಸಾಲದಿರುವುದು. ಮೊದಲಿನ ಎರಡು ಸುಲಭವಾಗಿ ಅರ್ಥವಾಗುತ್ತವೆ. ಮೂರನೆಯದಕ್ಕೆ 4-ಟರ್ಷಿಯರಿ-ಬ್ಯುಟೈಲ್ ಸೈಕ್ಲೋಹೆಕ್ಸನೋನ್ ಒಳ್ಳೆಯ ಉದಾಹರಣೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹೈಡ್ರೋಜನ್ ಪಡೆದು ಈ ಕೀಟೋನು ಆಲ್ಕೋಹಾಲ್ ಆಗುವಾಗ, ಹೆಚ್ಚು ಸ್ಥಿರವಾದ ಟ್ರಾನ್ಸ್ ರೂಪವೇ (ಎರಡು ಗುಂಪುಗಳು ಉಂಗುರದ ಎದುರುಬದಿಗಳಲ್ಲಿರುವುದು; ಒಂದೇ ಬದಿಯಲ್ಲಿದ್ದರೆ ಸಿಸ್) ಮೇಲುಗೈ ಸಾಧಿಸಬೇಕೆಂದು ನಾವು ನಿರೀಕ್ಷಿಸುತ್ತೇವೆ. ಬೀಟಾದೊಳಗೆ ಮಾತ್ರ ಶೇಕಡಾ 95ಕ್ಕೂ ಮಿಕ್ಕಿ ಸಿಸ್ ರೂಪ ದೊರೆಯುತ್ತದೆ, ಏಕೆಂದರೆ ಸಿಸ್ ಕಡೆಗೆ ಒಯ್ಯುವ ಸ್ಥಿತ್ಯಂತರ ರೂಪ ನೇರ ಕಾಲುವೆಯ ಉದ್ದಕ್ಕೆ ಒಗ್ಗಿಕೊಳ್ಳುತ್ತದೆ, ಟ್ರಾನ್ಸ್ ಕಡೆಗೆ ಒಯ್ಯುವುದು ಗೋಡೆಗೆ ತಾಗುತ್ತದೆ. ಸುಗಂಧದ ಉದ್ಯಮಕ್ಕೆ ಬೇಕಾದದ್ದು ಸಿಸ್ ರೂಪವೇ.

ಈಗ ಅನಿಸೋಲ್‌ಗೆ, ಅಂದರೆ ಮೆಥಾಕ್ಸಿ ಗುಂಪು ಹೊತ್ತ ಬೆಂಜೀನ್ ಉಂಗುರಕ್ಕೆ, ಬರೋಣ. ಈ ಒಂದು ಕ್ರಿಯೆಯನ್ನು ಸರಿಯಾಗಿ ಓದಿಕೊಂಡರೆ ಉಳಿದದ್ದರ ಬಹುಪಾಲು ಬಂದಂತೆಯೇ. ಅನಿಸೋಲ್‌ಗೆ ಅಸಿಟೈಲ್ ಗುಂಪು ಸೇರಿಸಿ 4-ಮೆಥಾಕ್ಸಿ ಅಸಿಟೋಫಿನೋನ್ ಮಾಡುವ ಹಳೆಯ ವಿಧಾನದಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಹೆಸರಿಗಷ್ಟೇ ವೇಗವರ್ಧಕ. ಹುಟ್ಟಿದ ಕೀಟೋನಿನ ಆಮ್ಲಜನಕವನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಪ್ರತಿ ಮೋಲ್ ಉತ್ಪನ್ನಕ್ಕೆ ಒಂದು ಮೋಲಿಗಿಂತಲೂ ಹೆಚ್ಚು ಬೇಕು. 150 ಕಿಲೋ ಕೀಟೋನಿಗೆ ಕಡಿಮೆಯೆಂದರೂ 133 ಕಿಲೋ ಕ್ಲೋರೈಡ್ ಖರ್ಚಾಗಿ, ಕೊನೆಗೆ ನೀರು ಹಾಕಿ ಒಡೆದಾಗ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಲ್ಯೂಮಿನಿಯಂ ಲವಣಗಳ ಕೊಳೆನೀರಾಗಿ ಹೊರಹೋಗುತ್ತದೆ. ಫ್ರಾನ್ಸಿನ ರೋನ್-ಪುಲೆಂಕ್ ಸಂಸ್ಥೆ 1990ರ ದಶಕದಲ್ಲಿ ಇದರ ಬದಲು ಎಚ್-ಬೀಟಾ ತುಂಬಿದ ಕೊಳವೆಯ ಮೂಲಕ ಅನಿಸೋಲ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್‌ಗಳ ಮಿಶ್ರಣವನ್ನು ಹರಿಸುವ ವಿಧಾನವನ್ನು ಕೈಗಾರಿಕೆಗೆ ತಂದಿತು. ಉಪೋತ್ಪನ್ನ ಅಸಿಟಿಕ್ ಆಮ್ಲವೊಂದೇ, ಪ್ಯಾರಾ ಸ್ಥಾನದ (ಉಂಗುರದಲ್ಲಿ ಮೆಥಾಕ್ಸಿ ಗುಂಪಿನ ನೇರ ಎದುರು ಮೂಲೆ) ಆಯ್ಕೆಯೂ ಬಹುತೇಕ ಪೂರ್ಣ.

ಫ್ಲಾಸ್ಕು ಬಿಟ್ಟು ಕೊಳವೆಗೆ ಹೋದದ್ದೇಕೆ ಎಂಬಲ್ಲಿ ನಿಜವಾದ ಪಾಠವಿದೆ. ಕೀಟೋನು ಅನಿಸೋಲ್‌ಗಿಂತ ಹೆಚ್ಚು ಧ್ರುವೀಯ; ಹಾಗಾಗಿ ಅದು ರಂಧ್ರದ ಗೋಡೆಗೆ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಹೊಸ ಅನಿಸೋಲ್ ಅಣುವಿಗೆ ಆಮ್ಲತಾಣ ಸಿಗದಂತೆ ಮಾಡುತ್ತದೆ. ಮದುವೆಯೂಟದಲ್ಲಿ ಉಂಡು ಮುಗಿಸಿದವರು ಬಾಳೆಲೆಯ ಮುಂದಿನಿಂದ ಏಳದಿದ್ದರೆ ಎರಡನೆಯ ಪಂಕ್ತಿ ಕೂರುವಂತಿಲ್ಲವಷ್ಟೇ. ಫ್ಲಾಸ್ಕಿನಲ್ಲಿ ಕೀಟೋನು ಶೇಖರವಾಗುತ್ತಲೇ ಹೋಗುವುದರಿಂದ ಮೊದಲ ಹದಿನೈದು ನಿಮಿಷ ಚುರುಕಾಗಿದ್ದ ಕ್ರಿಯೆ ಬರಬರುತ್ತ ಕುಂಟುತ್ತದೆ. ಕೊಳವೆಯಲ್ಲಿ, ಅದೂ ಅನಿಸೋಲ್ ಧಾರಾಳವಾಗಿರುವಾಗ, ಹರಿವು ಕೀಟೋನನ್ನು ತೊಳೆದುಕೊಂಡು ಹೋಗುತ್ತದೆ. ಆದರೆ ಅನಿಸೋಲ್‌ನಲ್ಲಿ ಗೆದ್ದದ್ದು ಟಾಲ್ವೀನ್‌ನಲ್ಲಿ ಹಾಗೆಯೇ ಗೆಲ್ಲುವುದಿಲ್ಲ; ಮೆಥಾಕ್ಸಿ ಗುಂಪು ಉಂಗುರಕ್ಕೆ ಕೊಡುವ ಚುರುಕು ಮೀಥೈಲ್ ಗುಂಪಿನಿಂದ ಬರುವುದಿಲ್ಲ.

ಇದೇ ಕ್ರಿಯೆಯನ್ನು ನಾನು ಮೊದಲ ಸಲ ಮಾಡಿದ್ದು ಆಟಿ ತಿಂಗಳಲ್ಲಿ. ಮಂಗಳೂರಿನ ಆಟಿಯ ಮಳೆಯೆಂದರೆ ಗೋಡೆಯೂ ಬೆವರುವ ಕಾಲ. ಹಿಂದಿನ ದಿನ 550 ಡಿಗ್ರಿಯಲ್ಲಿ ಕಾಯಿಸಿದ್ದ ಬೀಟಾವನ್ನು ಮುಚ್ಚಳ ಸಡಿಲವಿದ್ದ ಶೀಶೆಯಲ್ಲಿಟ್ಟು, ಬೆಳಿಗ್ಗೆ ಒಂದು ಗ್ರಾಂ ತೂಗಿ ಹಾಕಿದೆ. ಇಳುವರಿ ಅರ್ಧಕ್ಕೂ ಬರಲಿಲ್ಲ. ಅದೇ ಶೀಶೆಯ ಇನ್ನೊಂದು ಗ್ರಾಂ ಪುಡಿಯನ್ನು ಮತ್ತೆ ಕಾಯಿಸಿ, ಶುಷ್ಕಕದಲ್ಲಿ ತಣಿಸಿ ತೂಗಿದಾಗ ಉಳಿದದ್ದು 0.85 ಗ್ರಾಂ, ತಕ್ಕಡಿಯ ಬಾಗಿಲು ತೆರೆದಿಟ್ಟರೆ ಕೊನೆಯ ಅಂಕಿ ಕಣ್ಣೆದುರೇ ಮೇಲೇರುತ್ತಿತ್ತು. ಹೀರಿಕೊಂಡ 0.15 ಗ್ರಾಂ ನೀರೆಂದರೆ 8.3 ಮಿಲಿಮೋಲ್, ಅದು ಅಷ್ಟೇ ಮಿಲಿಮೋಲ್ ಅನ್‌ಹೈಡ್ರೈಡನ್ನು ಅಸಿಟಿಕ್ ಆಮ್ಲವಾಗಿಸಬಲ್ಲದು. ನಾನು ಹಾಕಿದ್ದೇ 20 ಮಿಲಿಮೋಲ್. ಆಮ್ಲತಾಣಗಳ ಮೇಲೂ ನೀರೇ ಮೊದಲು ಕುಳಿತಿತ್ತು. ಕಾಯಿಸಿದ ಪುಡಿಯನ್ನು ಬಿಸಿಯಿರುವಾಗಲೇ ಮುಚ್ಚಿ, ತಣಿದೊಡನೆ ತೂಗಿ, ತಡಮಾಡದೆ ಫ್ಲಾಸ್ಕಿಗೆ ಹಾಕಬೇಕು ಎಂಬುದನ್ನು ಕರಾವಳಿಯ ಪ್ರಯೋಗಾಲಯಗಳಲ್ಲಿ ಗೋಡೆಯ ಮೇಲೆಯೇ ಬರೆದಿಡಬಹುದು.

ನೀರನ್ನು ಸಹಿಸುವ ಜಿಯೋಲೈಟ್‌ಗಳೂ ಇವೆ. ಚೌಕಟ್ಟಿನಲ್ಲಿ ಅಲ್ಯೂಮಿನಿಯಂ ಇಲ್ಲದೆ, ಸಿಲಿಕಾನಿನ ನಡುವೆ ಅಲ್ಲಲ್ಲಿ ಟೈಟಾನಿಯಂ ಇರುವ ಟಿಎಸ್-1ರ ರಂಧ್ರಗಳು ನೀರನ್ನು ದೂರವಿಡುವ ಸ್ವಭಾವದವು. ಆದ್ದರಿಂದ ನೀರಿನಲ್ಲಿ ಕರಗಿದ ಹೈಡ್ರೋಜನ್ ಪೆರಾಕ್ಸೈಡಿನಿಂದಲೇ ಫೀನಾಲನ್ನು ಕ್ಯಾಟೆಕಾಲ್ ಮತ್ತು ಹೈಡ್ರೋಕ್ವಿನೋನ್‌ಗಳಾಗಿ ಮಾಡಬಹುದು. ಇಟಲಿಯ ರಾವೆನ್ನಾದಲ್ಲಿ 1986ರಿಂದ ಇದು ಕಾರ್ಖಾನೆಯ ಮಟ್ಟದಲ್ಲಿ ನಡೆಯಿತು.

ಅಣು ಇನ್ನೂ ದೊಡ್ಡದಾದರೆ ಏನು ಮಾಡಬೇಕು? ನಮ್ಮ ಶಂಕರಪುರ ಮಲ್ಲಿಗೆ ಹಬ್ಬದ ವೇಳೆಗೆ ಅಟ್ಟೆಯ (ಕಟ್ಟಿದ ಮಲ್ಲಿಗೆಯನ್ನು ಮಾರುವ ಅಳತೆ) ದರ ಕೇಳಿದರೆ ತಲೆತಿರುಗುವಷ್ಟು ದುಬಾರಿ. ಹಾಗಾಗಿ ಸಾಬೂನಿಗೆ ಮಲ್ಲಿಗೆಯ ಛಾಯೆ ಕೊಡಲು ಬಳಸುವುದು ಜಾಸ್ಮಿನಾಲ್ಡಿಹೈಡ್‌ನಂಥ ತಯಾರಿಸಿದ ವಸ್ತುಗಳನ್ನು. ಹರಳೆಣ್ಣೆಯಿಂದ ಬರುವ ಹೆಪ್ಟನಾಲ್ (heptanal; ಇದು ಆಲ್ಡಿಹೈಡ್, ಆಲ್ಕೋಹಾಲ್ ಅಲ್ಲ) ಬೆಂಜಾಲ್ಡಿಹೈಡಿನೊಂದಿಗೆ ಕೂಡಿದರೆ ಜಾಸ್ಮಿನಾಲ್ಡಿಹೈಡ್ ಸಿಗುತ್ತದೆ. ಹೆಪ್ಟನಾಲ್ ತನ್ನೊಂದಿಗೆ ತಾನೇ ಕೂಡಿಕೊಂಡರೆ ಬೇಡದ ವಾಸನೆಯ ಇನ್ನೊಂದು ಆಲ್ಡಿಹೈಡ್. ಸಾಮಾನ್ಯ ಜಿಯೋಲೈಟಿನ ರಂಧ್ರದಲ್ಲಿ ಉದ್ದಬಾಲದ ಜಾಸ್ಮಿನಾಲ್ಡಿಹೈಡ್ ನಿಧಾನವಾಗಿ ಜರುಗುತ್ತ ಅಲ್ಲಿಯೇ ಉಳಿದುಬಿಡುತ್ತದೆ. ಮೊಬಿಲ್ ಸಂಸ್ಥೆ 1992ರಲ್ಲಿ ಪ್ರಕಟಿಸಿದ ಎಂಸಿಎಂ-41 ಎಂಬ ಸಿಲಿಕಾ ವಸ್ತುವಿನ ರಂಧ್ರಗಳು 2ರಿಂದ 10 ನ್ಯಾನೋಮೀಟರ್‌ವರೆಗೆ ಅಗಲವಾಗಿರುವುದರಿಂದ ದಾರಿ ಸಲೀಸು. ಸ್ವಕೂಡುವಿಕೆಯನ್ನು ತಡೆಯಲು ಹೆಪ್ಟನಾಲನ್ನು ಮೊದಲು ಮೆಥನಾಲಿನೊಂದಿಗೆ ಅಸಿಟಾಲ್ ಮಾಡಿಟ್ಟು, ಅದು ಒಡೆದು ಸ್ವಲ್ಪಸ್ವಲ್ಪವಾಗಿ ಹೆಪ್ಟನಾಲ್ ಬಿಡುವಂತೆ ನೋಡಿಕೊಳ್ಳುತ್ತಾರೆ. ಇದು ನನಗೆ ಬಹಳ ಮೆಚ್ಚುಗೆಯಾದ ಉಪಾಯ. ಆದರೆ ಎಂಸಿಎಂ-41ರ ಗೋಡೆ ಹರಳಿನಂತೆ ಕ್ರಮಬದ್ಧವಲ್ಲ. ಅದರ ಆಮ್ಲಬಲ ಜಿಯೋಲೈಟಿನಷ್ಟಿಲ್ಲ, ಬಿಸಿ ನೀರಾವಿಗೂ ಅದು ಬೇಗ ಕುಸಿಯುತ್ತದೆ. ಅದಕ್ಕಾಗಿಯೇ ಜಿಯೋಲೈಟನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹದವಾಗಿ ಅದ್ದಿ, ಸ್ವಲ್ಪ ಸಿಲಿಕಾನ್ ಕರಗಿಸಿ, ಕಿರುದಾರಿಗಳ ನಡುವೆ ಹೆದ್ದಾರಿ ತೆರೆಯುವ ಪದ್ಧತಿ ಬಂದಿದೆ.

ಬಳಸಿದ ವೇಗವರ್ಧಕ ಕಂದು ಬಣ್ಣಕ್ಕೆ ತಿರುಗಿದ್ದರೆ ರಂಧ್ರಗಳಲ್ಲಿ ಭಾರವಾದ ಅಣುಗಳು ಸಿಕ್ಕಿಕೊಂಡಿವೆ ಎಂದರ್ಥ. ಗಾಳಿಯಲ್ಲಿ 500ರಿಂದ 550 ಡಿಗ್ರಿಗೆ ಕಾಯಿಸಿದರೆ ಅವು ಸುಟ್ಟು ಪುಡಿ ಮತ್ತೆ ಬೆಳ್ಳಗಾಗುತ್ತದೆ. ಸಾವಯವ ರಾಳಗಳಿಂದ ಮಾಡಿದ ಘನ ಆಮ್ಲಗಳಿಗೆ ಈ ಭಾಗ್ಯವಿಲ್ಲ. ಆದರೆ ಪುಡಿ ಬಿಳಿಯಾದ ಮಾತ್ರಕ್ಕೆ ಅಲ್ಯೂಮಿನಿಯಂ ಎಲ್ಲವೂ ಸ್ವಸ್ಥಾನದಲ್ಲಿದೆ ಎನ್ನುವಂತಿಲ್ಲ, ಏಕೆಂದರೆ ಅಸಿಟಿಕ್ ಆಮ್ಲ ಅದನ್ನು ಚೌಕಟ್ಟಿನಿಂದ ಕಿತ್ತುಕೊಂಡು ಹೋಗಬಲ್ಲದು. ಕೆಲಸ ಮಾಡುತ್ತಿರುವುದು ಘನವೋ, ಅದರಿಂದ ದ್ರವಕ್ಕೆ ಸೋರಿದ ಅಂಶವೋ ಎಂದು ತಿಳಿಯಲು, ಪರಿವರ್ತನೆ ಮೂರನೆಯ ಒಂದು ಭಾಗದಷ್ಟಾದಾಗ ಫ್ಲಾಸ್ಕನ್ನು ತಣಿಸದೆ, ಅದೇ ಉಷ್ಣತೆಯಲ್ಲಿ ಸೋಸಿ, ಸೋಸಿದ ದ್ರವವನ್ನು ಮತ್ತೆ ಅಷ್ಟೇ ಹೊತ್ತು ಕಾಯಿಸಿ ಮಾದರಿ ತೆಗೆಯಬೇಕು; ಪರಿವರ್ತನೆ ಮುಂದುವರಿದರೆ ಸೋರಿದ ಅಂಶವೂ ಕೆಲಸ ಮಾಡುತ್ತಿದೆ ಎಂದರ್ಥ. ತಣಿದ ಮೇಲೆ ಸೋಸಿದರೆ ಸೋರಿದ್ದು ಮತ್ತೆ ಘನಕ್ಕೇ ಅಂಟಿಕೊಳ್ಳುವ ಸಾಧ್ಯತೆಯಿದ್ದು, ಆಗ ಸೋಸಿದ ದ್ರವದಲ್ಲಿ ಪರಿವರ್ತನೆ ಅಲ್ಲಿಗೇ ನಿಂತರೂ ಅದನ್ನು ನಂಬುವಂತಿಲ್ಲ.