ಹಳೇ ಕಾರಿಗೆ ಎರಡು ಕಿಟಕಿ

ಸಕಲೇಶಪುರದ ಹತ್ತಿರ ನಮ್ಮ ಭಾವನವರದ್ದೊಂದು ಕಾಫಿ ತೋಟ. ಅಲ್ಲಿನ ಶೆಡ್ಡಿನಲ್ಲಿ ಅವರ ತಂದೆಯ ಕಾಲದ ಮೋರಿಸ್ ಮೈನರ್ ಇದೆ. ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಹಾಕುವ ಮಾದರಿ. ಹೋದ ಬೇಸಿಗೆಯಲ್ಲಿ ಅವರು ತೋಟದ ಗೇಟಿಗೆಂದು ಎಡಕ್ಕೆ ತಿರುಗಿಸುತ್ತಿದ್ದಾಗ ಬೈಕಿನ ಹುಡುಗನೊಬ್ಬ ಎಡಗಡೆಯಿಂದಲೇ ನುಗ್ಗಿ ಬಂದ. ಬೈಕಿನ ಹ್ಯಾಂಡಲ್ ಬಾಗಿಲನ್ನು ಸವರಿಕೊಂಡು ಹೋಯಿತು. ಪುಣ್ಯಕ್ಕೆ ಯಾರೂ ಬೀಳಲಿಲ್ಲ.

"ಎಡಗಡೆ ಒಂದು ಕನ್ನಡಿ ಇದ್ದಿದ್ರೆ ಕಾಣ್ತಿತ್ತು ಅಲ್ವಾ ಭಾವ?" ಅಂದೆ.

"ಇಷ್ಟು ವರ್ಷ ಇಲ್ಲದೇ ನಡೆದಿಲ್ವಾ ಮಾರಾಯ?" ಅಂದರು.

ನಡೆದಿದೆ, ನಿಜ. ಮೋರಿಸ್ ಮೈನರ್ ಇಂಗ್ಲೆಂಡಿನಲ್ಲಿ ಹೊರಬಂದಿದ್ದು 1948ರಲ್ಲಿ. ಅದರ ವಿನ್ಯಾಸ ಮಾಡಿದ ಅಲೆಕ್ ಇಸಿಗೊನಿಸ್ ಮುಂದೆ 1959ರಲ್ಲಿ ಮಿನಿ ಕಾರನ್ನೂ ಕೊಟ್ಟರು. ಆಗ ತಿರುವಿನ ಸೂಚನೆಗೆ ಮಿಣುಕುವ ದೀಪವೂ ಇರಲಿಲ್ಲ, ಪುಟ್ಟ ಕೈಯೊಂದು ಹೊರಗೆ ಚಾಚಿಕೊಳ್ಳುತ್ತಿತ್ತು. ಕಾರು ಅದೇ ಇದೆ, ರಸ್ತೆ ಮಾತ್ರ ಆಗಿನದ್ದಲ್ಲ. ಜೊತೆಗೆ ಟಾಪ್ ಏರಿಸಿದರೆ ಹಿಂದೆ ನೋಡಲು ಉಳಿಯುವುದು ಮಸುಕಾದ ಒಂದು ಪ್ಲಾಸ್ಟಿಕ್ ಕಿಂಡಿ. ಎರಡೂ ಮೂಲೆಗಳಲ್ಲಿ ಬರೀ ಬಟ್ಟೆ. ಮಲೆನಾಡಿನ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾಪ್ ಇಳಿಸುವ ಮಾತೇ ಇಲ್ಲ.

ಕೊನೆಗೂ ಭಾವ ಎರಡು ಕನ್ನಡಿ ತಂದರು. ದುಂಡಗೆ, ಥಳಥಳ ಕ್ರೋಮ್, ಉದ್ದನೆಯ ಕಡ್ಡಿ. ಮುಂದಿನ ಮಡ್‌ಗಾರ್ಡ್ ಮೇಲೆ ಇಟ್ಟು ತೋರಿಸಿದರು. ನೋಡೋಕೆ ಬಹಳ ಚೆನ್ನ. ಡ್ರಿಲ್ ಹಾಕುವ ಮೊದಲು ಒಂದು ದಿನ ಟೈಮ್ ಕೊಡಿ ಅಂದೆ. ಹಾಸನದಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು ನಾನು. ಕನ್ನಡಿಯ ವಿಷಯ ಬಂದರೆ ಸುಮ್ನೆ ಇರಲಾಗುವುದಿಲ್ಲ.

ಹಿಂದಿನದನ್ನು ತೋರಿಸುವ ಕನ್ನಡಿ ಎಂದರೆ ಒಂದು ಕಿಟಕಿ. ಇಷ್ಟು ಮನಸ್ಸಿಗೆ ಹೊಕ್ಕರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಹಳೇ ಮನೆಯ ಸರಳಿನ ಕಿಟಕಿಗೆ ಮುಖ ಆನಿಸಿ ನಿಂತರೆ ಇಡೀ ಅಂಗಳ, ಕಣ, ದನದ ಕೊಟ್ಟಿಗೆ ಎಲ್ಲ ಕಾಣುತ್ತದೆ. ಅದೇ ಕಿಟಕಿಯನ್ನು ಒಳಗಿನ ಅಡುಗೆಮನೆಯಿಂದ ನೋಡಿದರೆ ಅಂಗಳದ ಒಂದು ಸೀಳು ಅಷ್ಟೇ. ಬೀಗದ ತೂತಿಗೂ ಇದೇ ಮಾತು: ಕಣ್ಣು ಒತ್ತಿಟ್ಟರೆ ಕೋಣೆ, ಒಂದು ಮಾರು ಹಿಂದೆ ಸರಿದರೆ ಬರೀ ಬೆಳಕಿನ ಚುಕ್ಕಿ.

ಲೆಕ್ಕ ಹಾಕಿ. 10 ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿ ಚಾಲಕನ ಬದಿಯ ಬಲಬಾಗಿಲಿನ ಮೇಲೆ, ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ ಹಿಂದಿನ ಲೋಕದ ಸುಮಾರು 8 ಡಿಗ್ರಿಯನ್ನು ತೋರಿಸುತ್ತದೆ. ಎಡಬಾಗಿಲಿನ ಮೇಲೆ, 130 ಸೆಂಟಿಮೀಟರ್ ದೂರದಲ್ಲಿ, ನಾಲ್ಕೂವರೆ ಡಿಗ್ರಿಗೆ ಇಳಿಯುತ್ತದೆ. ಮಡ್‌ಗಾರ್ಡ್ ಮೇಲೆ 180 ಸೆಂಟಿಮೀಟರ್ ದೂರ ಹೋದರೆ ಸುಮಾರು 3 ಡಿಗ್ರಿ. ಕೈ ನೀಳವಾಗಿ ಚಾಚಿ ಎರಡು ಬೆರಳು ಜೋಡಿಸಿದರೆ ಮುಚ್ಚಿಹೋಗುವಷ್ಟು. ಒಂದು ಬೈಕ್ ಅದರ ಪಕ್ಕದಲ್ಲಿ ಆರಾಮಾಗಿ ಅಡಗಿಕೊಳ್ಳುತ್ತದೆ.

ನಮ್ಮ ಮುಖವನ್ನೇ ನೋಡಿಕೊಳ್ಳುವಾಗ ಮಾತ್ರ ಈ ದೂರದ ಲೆಕ್ಕ ಬರುವುದೇ ಇಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ದರ್ಪಣ ಸುಂದರಿಯನ್ನು ನೀವು ನೋಡಿರುತ್ತೀರಿ. ಅವಳ ಕೈಯಲ್ಲಿರುವುದು ಪುಟ್ಟ ದುಂಡು ಕನ್ನಡಿ. ಚಪ್ಪಟೆ ಕನ್ನಡಿ ಮುಖದ ಅರ್ಧದಷ್ಟು ಎತ್ತರವಿದ್ದರೆ ಸಾಕು, ಹತ್ತಿರ ಹಿಡಿದರೂ ದೂರ ಹಿಡಿದರೂ ಇಡೀ ಮುಖ ಕಾಣುತ್ತದೆ. ಆ ದೇವಸ್ಥಾನ 1117ರದ್ದು. ಆಗಿನ ಕನ್ನಡಿ ಎಂದರೆ ಉಜ್ಜಿ ಉಜ್ಜಿ ಹೊಳಪು ತಂದ ಲೋಹ. ಕೇರಳದ ಆರನ್ಮುಳದಲ್ಲಿ ತಾಮ್ರ ತವರ ಬೆರೆಸಿ ಅಂಥದ್ದನ್ನು ಇವತ್ತಿಗೂ ಮಾಡುತ್ತಾರೆ. ಗಾಜಿನ ಬೆನ್ನಿಗೆ ತೆಳುವಾಗಿ ಬೆಳ್ಳಿ ಹಿಡಿಸುವ ರಾಸಾಯನಿಕ ದಾರಿಯನ್ನು ಜರ್ಮನಿಯ ಲೀಬಿಗ್ ಕಂಡುಕೊಂಡಿದ್ದು 1835ರಲ್ಲಿ. ಕನ್ನಡಿ ಅಗ್ಗವಾಗಿ ಎಲ್ಲರ ಕೈಗೆ ಬರಲು ದಾರಿಯಾದದ್ದು ಅದರಿಂದ.

ಮತ್ತೆ ಕಾರಿಗೆ ಬರೋಣ. ಕಿಟಕಿ ದೂರವಿದ್ದೂ ಜಾಸ್ತಿ ಕಾಣಬೇಕಾದರೆ ಕನ್ನಡಿ ಉಬ್ಬಿರಬೇಕು. ಯಾಕೆ ಅನ್ನುವುದನ್ನು ಹಲಸಿನ ಹಣ್ಣು ಹೇಳುತ್ತದೆ. ಹಲಸಿನ ಮುಳ್ಳುಗಳನ್ನು ನೋಡಿ, ಒಂದೊಂದೂ ತನ್ನ ಜಾಗದಿಂದ ನೇರ ಹೊರಕ್ಕೆ ಚಾಚಿರುತ್ತದೆ. ಹಣ್ಣು ಉಬ್ಬಿರುವುದರಿಂದ ಪಕ್ಕಪಕ್ಕದ ಮುಳ್ಳುಗಳ ದಿಕ್ಕು ಸ್ವಲ್ಪ ಸ್ವಲ್ಪ ಬೇರೆ. ಚಪ್ಪಟೆ ಕನ್ನಡಿ ಪೈರು ನಾಟಿದ ಗದ್ದೆಯಂತೆ, ಎಲ್ಲವೂ ಒಂದೇ ನೇರ. ಉಬ್ಬು ಕನ್ನಡಿ ಹಲಸಿನಂತೆ, ಅದರ ಪ್ರತಿ ಚೂರೂ ಬೇರೆ ದಿಕ್ಕಿಗೆ ಮುಖ ಮಾಡಿರುತ್ತದೆ. ಇಷ್ಟೇ ಆಗಿದ್ದರೆ ಲಾಭ ಕಡಿಮೆ ಇರುತ್ತಿತ್ತು. ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ ಮುಂದಿನದು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಚಿಮ್ಮುವ ಬೆಳಕು ಎರಡು ಡಿಗ್ರಿ ತಿರುಗುತ್ತದೆ. 120 ಸೆಂಟಿಮೀಟರ್ ತ್ರಿಜ್ಯದ ಗೋಳದಿಂದ ಕತ್ತರಿಸಿದಂಥ ಉಬ್ಬು ಕನ್ನಡಿಯಲ್ಲಿ 10 ಸೆಂಟಿಮೀಟರ್ ಅಗಲದ ಎರಡು ತುದಿಗಳ ದಿಕ್ಕಿನ ವ್ಯತ್ಯಾಸ 5 ಡಿಗ್ರಿಗಿಂತ ತುಸು ಕಡಿಮೆ. ಇಮ್ಮಡಿಯಾದರೆ ಒಂಬತ್ತೂವರೆ. ಕನ್ನಡಿ ಎಷ್ಟೇ ದೂರವಿದ್ದರೂ ಈ ಒಂಬತ್ತೂವರೆ ಚಪ್ಪಟೆ ಕನ್ನಡಿಯ ಲೆಕ್ಕದ ಮೇಲೆ ಹೆಚ್ಚುವರಿಯಾಗಿ ಸಿಗುತ್ತದೆ. ಹಾಗಾಗಿ ಎಡಬಾಗಿಲಿನ ನಾಲ್ಕೂವರೆ 14 ಆಗುತ್ತದೆ, ಮೂರು ಪಟ್ಟು! ಬಲಗಡೆಯ 8 ಹದಿನೇಳೂವರೆ ಆಗುತ್ತದೆ, ಬರೀ ಎರಡು ಪಟ್ಟು. ಉಬ್ಬಿನ ಅಗತ್ಯ ಜಾಸ್ತಿ ಇರುವುದು ದೂರದ ಕನ್ನಡಿಗೇ.

ಇದಕ್ಕೆ ತೆರಬೇಕಾದ ಬೆಲೆ ಗಾತ್ರ. 20 ಮೀಟರ್ ಹಿಂದಿರುವ ಬಸ್ಸು ಆ ಎಡಗನ್ನಡಿಯಲ್ಲಿ ಸುಮಾರು 65 ಮೀಟರ್ ದೂರದ ಬಸ್ಸಿನಷ್ಟು ಚಿಕ್ಕದಾಗಿ ಕಾಣುತ್ತದೆ. "ಉಬ್ಬು ಕನ್ನಡಿ ಮೋಸ, ಚಪ್ಪಟೆಯದ್ದೇ ನಿಜ" ಅನ್ನುವವರ ವಾದ ಇದನ್ನೇ ಹಿಡಿದುಕೊಂಡಿದೆ. ಮೋಸ ಏನೂ ಇಲ್ಲ. ಚಿಕ್ಕದು ಎಂದರೆ ದೂರ ಅಂತ ತೀರ್ಮಾನ ಮಾಡುವುದು ನಮ್ಮ ಮಿದುಳು. ಅಮೆರಿಕದ ನಿಯಮ ಇದನ್ನು ನೀಟಾಗಿ ಬಗೆಹರಿಸಿದೆ. ಚಾಲಕನ ಬದಿಗೆ ಚಪ್ಪಟೆ ಕನ್ನಡಿ, ಇನ್ನೊಂದು ಬದಿಗೆ ಉಬ್ಬಿನದ್ದು ಹಾಕಿದರೆ ಅದರ ಮೇಲೆ ವಸ್ತುಗಳು ಕಾಣುವುದಕ್ಕಿಂತ ಹತ್ತಿರವಿವೆ ಎಂಬ ಎಚ್ಚರಿಕೆ. ಭಾವನ ಕಾರಿಗೆ ಇದೇ ಸರಿ ಅನ್ನಿಸಿತು. ಟಾಪ್ ಏರಿಸಿದಾಗ ಒಳಗಿನ ಕನ್ನಡಿ ಕುರುಡು. ದೂರ ಅಳೆಯುವ ಕೆಲಸವನ್ನು ಬಲಗಡೆಯ ಚಪ್ಪಟೆ ಕನ್ನಡಿಯೇ ಮಾಡಬೇಕು. ಎಡಗಡೆಯದ್ದು ಯಾರಾದರೂ ಇದ್ದಾರಾ ಅಂತ ಹೇಳಿದರೆ ಸಾಕು.

ಅಂಗಡಿಯಲ್ಲಿ ಉಬ್ಬು ಎಷ್ಟಿದೆ ಎಂದು ತಿಳಿಯಲು ಒಂದು ಸ್ಕೇಲ್ ಸಾಕು. ಸ್ಕೇಲನ್ನು ಕನ್ನಡಿಯ ನಡುವಿಗೆ ತಾಗಿಸಿ ಸಮವಾಗಿ ಹಿಡಿಯಿರಿ. 10 ಸೆಂಟಿಮೀಟರ್ ಕನ್ನಡಿಯಲ್ಲಿ ಎರಡೂ ತುದಿಯ ಸಂದು 1 ಮಿಲಿಮೀಟರ್ ಇದ್ದರೆ ತ್ರಿಜ್ಯ 120 ಸೆಂಟಿಮೀಟರಿನ ಆಸುಪಾಸು. 3 ಮಿಲಿಮೀಟರ್ ಇದ್ದರೆ ವಾಪಸ್ ಕೊಟ್ಟುಬಿಡಿ, ಅದರಲ್ಲಿ ಬಸ್ಸು ಆಟಿಕೆಯಂತೆ ಕಾಣುತ್ತದೆ.

ಇನ್ನು ಆ ಉದ್ದನೆಯ ಕಡ್ಡಿ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನಲ್ಲಿ ಉಳಿದವರೆಲ್ಲ ಹಿಂದೆ ನೋಡಲೆಂದು ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬನನ್ನು ಕೂರಿಸಿಕೊಂಡಿದ್ದರು. ರೇ ಹ್ಯಾರೂನ್ ಒಬ್ಬನೇ ಕೂತ, ಕಾರಿಗೆ ಕನ್ನಡಿ ಕಟ್ಟಿದ, ಗೆದ್ದ. ಆದರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಅದುರಿ ಅದುರಿ ಏನೂ ಕಾಣಲಿಲ್ಲ ಎಂದು ಆತನೇ ಮುಂದೆ ಹೇಳಿದನಂತೆ. ಬೆಳಕಿನ ಇಮ್ಮಡಿ ತಿರುಗುವಿಕೆ ಇಲ್ಲಿ ಶತ್ರುವಾಗುತ್ತದೆ. ಕನ್ನಡಿ ಅರ್ಧ ಡಿಗ್ರಿ ನಡುಗಿದರೆ ಬಿಂಬ ಒಂದು ಡಿಗ್ರಿ ಓಲಾಡುತ್ತದೆ, ಹುಣ್ಣಿಮೆ ಚಂದ್ರನ ಎರಡು ಪಟ್ಟು. ಕಡ್ಡಿಯ ಉದ್ದ ಎರಡು ಪಟ್ಟಾದರೆ ಅಷ್ಟೇ ಬಲಕ್ಕೆ ಅದರ ತುದಿ ಎಂಟು ಪಟ್ಟು ಬಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗುವುದು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಅಡಿಕೆ ದೋಟಿ ಹಿಡಿದವರಿಗೆ ಇದು ಕೈಗೇ ಗೊತ್ತು. ಗಿಡ್ಡ ಕಡ್ಡಿ, ದಪ್ಪ ಕಡ್ಡಿ. ಕ್ರೋಮ್ ಆಮೇಲೆ.

ಮಡ್‌ಗಾರ್ಡಿನ ಕನ್ನಡಿಗೆ ಒಂದು ಒಳ್ಳೆಯ ಗುಣ ಇಲ್ಲದಿಲ್ಲ. ಅದನ್ನು ಮುಂದಿನ ಗಾಜಿನ ಮೂಲಕ ನೋಡುತ್ತೇವೆ, ಮಳೆಯಲ್ಲಿ ವೈಪರ್ ಒರೆಸಿಕೊಡುತ್ತದೆ. ಜಪಾನಿನಲ್ಲಿ 1983ರವರೆಗೆ ಕನ್ನಡಿ ಅಲ್ಲೇ ಇರಬೇಕೆಂಬ ನಿಯಮವಿತ್ತು. ಆದರೂ ನಾನು ಬಾಗಿಲಿನ ಪರ.

ಈ ನಡುವೆ ಯಾರೋ ಕಾರಿನ ಬಂಪರ್‌ಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ದೃಷ್ಟಿಯಾಗಿದ್ದಕ್ಕೇ ಬೈಕ್ ತಾಗಿದ್ದು ಅಂತೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಮುಂದೆ ನಿಂಬೆಹಣ್ಣು ತೂಗುತ್ತಿರುತ್ತದೆ, ಎಡಗನ್ನಡಿ ಮಡಚಿಕೊಂಡಿರುತ್ತದೆ. ಆ ಹುಡುಗ ಕಾಣದೇ ಹೋದದ್ದು ಕನ್ನಡಿ ಇಲ್ಲದ್ದಕ್ಕೆ.

ಕೆಲಸ ಒಂದು ಭಾನುವಾರ ಮುಗಿಯಿತು. ಬಾಗಿಲಿನ ಒಳಹಾಳೆ ಬಿಚ್ಚಿದೆವು. ಗಾಜನ್ನು ಪೂರ್ತಿ ಇಳಿಸಿ, ಬೋಲ್ಟ್ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು 6 ಮಿಲಿಮೀಟರ್ ತೂತು ಕೊರೆದೆವು. ತೂತಿನ ಅಂಚಿಗೆ ಆಗಲೇ ರೆಡ್ ಆಕ್ಸೈಡ್ ಹಚ್ಚಿದೆವು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಒಳಗಡೆ ಅಂಗೈಯಗಲ ದಪ್ಪ ತಗಡು, ಹೊರಗಡೆ ಹಳೇ ಸೈಕಲ್ ಟ್ಯೂಬಿನ ತುಂಡು, ಮೇಲೆ ಸ್ಪ್ರಿಂಗ್ ವಾಷರ್. ಎಂಜಿನ್ ಸ್ಟಾರ್ಟ್ ಮಾಡಿ ಸುಮ್ಮನೆ ಓಡಲು ಬಿಟ್ಟಾಗ ಎಡಗನ್ನಡಿಯಲ್ಲಿ ಶೆಡ್ಡಿನ ಹೆಂಚಿನ ಸಾಲು ಒಂದೊಂದಾಗಿ ಎಣಿಸುವಂತಿತ್ತು.

ಜುಲೈನಲ್ಲಿ ಟಾಪ್ ಏರಿಸಿಕೊಂಡು ಬಾಳ್ಳುಪೇಟೆ, ಆಲೂರು ದಾಟಿ ಹಾಸನದವರೆಗೆ ಬಂದರು. ಬೈಕುಗಳೆಲ್ಲ ಕಾಣುತ್ತವೆ ಎಂದರು. ಒಂದೇ ತೊಂದರೆ, ಪಕ್ಕದ ಗಾಜಿನ ಮೇಲೆ ಮಳೆಹನಿ ಕೂತರೆ ಎಡಗನ್ನಡಿ ಮಸುಕು. ಅದಕ್ಕೆ ಭಾವ ಆ ಗಾಜನ್ನು ನಾಲ್ಕು ಬೆರಳು ಇಳಿಸುತ್ತಾರೆ. ಅಕ್ಕ ಹೆಗಲ ಮೇಲೊಂದು ಟವೆಲ್ ಹೊದ್ದು ಕೂರುತ್ತಾಳೆ.