ಐವತ್ತನೆಯ ದಿನ: ಗೋದಿ ಸುಗ್ಗಿಯೊಂದು ಎರಡು ಧರ್ಮಗಳ ಹಬ್ಬವಾದ ಬಗೆ

ಯೆಹೂದ್ಯರ ಶಾವುವೋತ್ ಮತ್ತು ಕ್ರೈಸ್ತರ ಪೆಂತೆಕೋಸ್ತ್, ಈ ಎರಡೂ ಹಬ್ಬಗಳಿಗೆ ಹೆಸರು ಬಂದಿರುವುದು ಎಣಿಕೆಯಿಂದ. ಹೀಬ್ರೂವಿನ ‘ಶಾವುವೋತ್’ ಎಂದರೆ ವಾರಗಳು. ಗ್ರೀಕಿನ ‘ಪೆಂಟೆಕೋಸ್ಟೆ’ ಎಂದರೆ ಐವತ್ತನೆಯದು. ಕನ್ನಡ ಬೈಬಲಿನ ‘ಪಂಚಾಶತ್ತಮ ದಿನದ ಹಬ್ಬ’ ಎಂಬ ಮಾತು ಅದನ್ನೇ ಹೇಳುತ್ತದೆ. ಬೈಬಲಿನ ಮೊದಲ ಐದು ಕಾಂಡಗಳಾದ ಮೋಶೆಯ ಗ್ರಂಥಗಳಲ್ಲಿ, ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬಕ್ಕೆ ತಿಂಗಳೂ ದಿನವೂ ಗೊತ್ತಾಗಿವೆ, ಈ ಹಬ್ಬಕ್ಕೆ ಮಾತ್ರ ಇಲ್ಲ. ನಿಂತ ಪೈರಿಗೆ ಕುಡುಗೋಲು ಹಾಕಿದಂದಿನಿಂದ ಏಳು ವಾರ ಎಣಿಸಬೇಕೆಂದಷ್ಟೇ ಧರ್ಮೋಪದೇಶಕಾಂಡ ವಿಧಿಸುತ್ತದೆ. ವಿಮೋಚನಕಾಂಡದಲ್ಲಂತೂ ಇದರ ಹೆಸರೇ ಸುಗ್ಗಿಯ ಹಬ್ಬ.

ಚಳಿಗಾಲದ ಮಳೆಗೆ ಬೆಳೆಯುವ ಇಸ್ರಾಯೇಲ್ ನಾಡಿನಲ್ಲಿ ಮೊದಲು ಮಾಗುವುದು ಜವೆಗೋದಿ, ಅದರ ಹಿಂದೆ ಗೋದಿ. ಪಸ್ಕದ ವೇಳೆಗೆ ಜವೆಗೋದಿಯ ಮೊದಲ ಸಿವುಡನ್ನು ಯೆರೂಸಲೇಮಿನ ದೇವಾಲಯಕ್ಕೆ ತಂದು, ಅಲ್ಲಿಂದ ಐವತ್ತನೆಯ ದಿನಕ್ಕೆ ಹೊಸ ಗೋದಿಯ ಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳನ್ನು ಅರ್ಪಿಸುತ್ತಿದ್ದರು. ಯಜ್ಞವೇದಿಯ ಮೇಲೆ ಹುಳಿ ಸೇರಿದ್ದನ್ನು ಸುಡಬಾರದೆಂಬ ಕಟ್ಟುನಿಟ್ಟು ಇದ್ದರೂ ಈ ರೊಟ್ಟಿಗಳನ್ನು ಹುಳಿಹಿಟ್ಟಿನಿಂದಲೇ ಮಾಡಬೇಕಿತ್ತು. ಅವನ್ನು ಸುಡದೆ, ದೇವರ ಮುಂದೆ ಎತ್ತಿ ಆಡಿಸಿ ಯಾಜಕರಿಗೆ ಬಿಡುತ್ತಿದ್ದರು. ಮನೆಯಲ್ಲಿ ಜನ ದಿನವೂ ತಿನ್ನುವ ರೊಟ್ಟಿಯೇ ಅಂದು ಕಾಣಿಕೆಯಾಗುತ್ತಿತ್ತು.

ಪ್ರಥಮಫಲ ಒಪ್ಪಿಸುವ ಕಾಲವೂ ಇಲ್ಲಿಂದಲೇ ಆರಂಭ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಷ್ನಾ ಎಂಬ ಯೆಹೂದ್ಯ ಧರ್ಮವಿಧಿಗಳ ಗ್ರಂಥ ಆ ಮೆರವಣಿಗೆಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದೆ. ತೋಟಕ್ಕೆ ಹೋದ ರೈತ ಮೊದಲು ಮಾಗಿದ ಅಂಜೂರವನ್ನು ಕಂಡರೆ ಅದಕ್ಕೊಂದು ಹುಲ್ಲಿನ ಎಳೆ ಕಟ್ಟಿ ಗುರುತು ಮಾಡುತ್ತಿದ್ದ. ಯೆರೂಸಲೇಮಿನ ದಾರಿಯಲ್ಲಿ ಕೊಳಲಿನವರು ನುಡಿಸುತ್ತಿದ್ದರು. ಮುಂದೆ ನಡೆಯುವ ಎತ್ತಿನ ಕೊಂಬಿಗೆ ಚಿನ್ನದ ಹೊದಿಕೆ, ತಲೆಗೆ ಆಲಿವ್ ಎಲೆಗಳ ಮಾಲೆ. ಕಾಣಿಕೆ ಒಪ್ಪಿಸುವಾಗ ಪೂರ್ವಜರ ವಲಸೆಯನ್ನೂ ಐಗುಪ್ತದ ದಾಸ್ಯವನ್ನೂ ನೆನೆಯುವ ವಚನವನ್ನು ಪ್ರತಿಯೊಬ್ಬನೂ ಹೇಳಬೇಕಿತ್ತು. ಬಾರದವರಿಗೆ ಮಾತ್ರ ಹೇಳಿಕೊಡುತ್ತಿದ್ದರಂತೆ. ಆ ನಾಚಿಕೆಗೆ ಅಂಥವರು ಬರುವುದನ್ನೇ ಬಿಟ್ಟಾಗ, ಬಲ್ಲವರಿಗೂ ಬಾರದವರಿಗೂ ಒಂದೇ ರೀತಿ ಹೇಳಿಕೊಡುವುದೆಂದು ತೀರ್ಮಾನವಾಯಿತು. ಆ ಗ್ರಂಥದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಇದು.

ಯಾಜಕಕಾಂಡದಲ್ಲಿ ಈ ಹಬ್ಬದ ವಿಧಿಗಳ ಬೆನ್ನಿಗೇ, ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಹಕ್ಕಲು ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆಯಿದೆ. ಬೋವಜನ ಹೊಲದಲ್ಲಿ ಜವೆಗೋದಿಯ ಕೊಯ್ಲಿನಿಂದ ಗೋದಿಯ ಕೊಯ್ಲು ಮುಗಿಯುವವರೆಗೆ ಹಕ್ಕಲಾಯ್ದ ಮೋವಾಬಿನ ವಿಧವೆ ರೂತಳ ಕಥೆಯನ್ನು ಯೆಹೂದ್ಯರ ಪ್ರಾರ್ಥನಾಮಂದಿರಗಳಾದ ಅನೇಕ ಸಿನಗಾಗ್‌ಗಳಲ್ಲಿ ಇಂದಿಗೂ ಈ ಹಬ್ಬದಲ್ಲಿ ಓದುವುದು ಸಹಜವೇ ಆಗಿದೆ.

ಎಣಿಕೆ ಎಲ್ಲಿಂದ ಶುರುವಾಗಬೇಕೆಂಬುದೇ ದೊಡ್ಡ ವ್ಯಾಜ್ಯವಾಗಿತ್ತು. ಮೂಲದಲ್ಲಿರುವುದು ‘ಸಬ್ಬತ್ತಿನ ಮರುದಿನ’ ಎಂಬ ಮಾತು. ವಿಶ್ರಾಂತಿಯ ದಿನವಾದ ಸಬ್ಬತ್ತೆಂದರೆ ಶನಿವಾರವೇ ಎಂದವರಿಗೆ ಐವತ್ತನೆಯ ದಿನ ಯಾವಾಗಲೂ ಭಾನುವಾರ ಬರುತ್ತಿತ್ತು. ಪಸ್ಕದ ಮೊದಲ ದಿನವೇ ಆ ಸಬ್ಬತ್ತು ಎಂದ ಫರಿಸಾಯ ಪಂಥದವರಿಗೆ ವಾರದ ಬೇರೆ ದಿನವೂ ಬರಬಹುದಿತ್ತು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ರೊಟ್ಟಿ ಒಪ್ಪಿಸಲು ವೇದಿಯೂ ಉಳಿಯಲಿಲ್ಲ, ಬುಟ್ಟಿ ಇಳಿಸಲು ಅಂಗಳವೂ ಉಳಿಯಲಿಲ್ಲ. ಇಸ್ರಾಯೇಲರು ದೇವರ ಆಜ್ಞೆಗಳನ್ನು ಪಡೆದ ಸೀನಾಯಿ ಬೆಟ್ಟಕ್ಕೆ ಬಂದದ್ದು ಮೂರನೆಯ ತಿಂಗಳಲ್ಲೆಂದು ವಿಮೋಚನಕಾಂಡ ಹೇಳುತ್ತದೆ. ಹಬ್ಬ ಬೀಳುವುದೂ ಆ ತಿಂಗಳಲ್ಲೇ. ಈ ಹೊಂದಿಕೆಯನ್ನು ಹಿಡಿದು ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಇದನ್ನು ಧರ್ಮಶಾಸ್ತ್ರ ದೊರೆತ ದಿನವೆಂದು ನೆಲೆಗೊಳಿಸಿದರು. ಇದು ಬರಿಯ ಜಾಣ್ಮೆಯ ಜೋಡಣೆಯೂ ಅಲ್ಲ; ಕ್ರಿ.ಪೂ. ಎರಡನೆಯ ಶತಮಾನದ ಜುಬಿಲಿಗಳ ಗ್ರಂಥವೇ ಇದನ್ನು ದೇವರು ನೋಹನೊಡನೆ ಮಾಡಿಕೊಂಡ ಒಡಂಬಡಿಕೆಯ ಹಬ್ಬವೆಂದು ಕರೆದಿತ್ತು.

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುದನ್ನು ಹೇಳುವ, ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಗ್ರಂಥದ ಎರಡನೆಯ ಅಧ್ಯಾಯ ನಡೆಯುವುದು ಈ ಯಾತ್ರೆಯ ಹಬ್ಬದ ದಿನವೇ. ಬಿರುಗಾಳಿಯಂಥ ಸದ್ದು, ಬೆಂಕಿಯಂತೆ ಕಂಡ ನಾಲಿಗೆಗಳು, ಪಾರ್ಥಿಯದಿಂದ ರೋಮಿನವರೆಗಿನ ಜನರಿಗೆ ತಮ್ಮ ತಮ್ಮ ಭಾಷೆಯಲ್ಲೇ ಕೇಳಿಸಿದ ಶಿಷ್ಯರ ಮಾತು. ಇವರು ಕುಡಿದಿದ್ದಾರೆಂದು ಕೆಲವರು ಹಾಸ್ಯ ಮಾಡಿದಾಗ, ಈಗಿನ್ನೂ ಬೆಳಗಿನ ಒಂಬತ್ತು ಗಂಟೆಯಷ್ಟೇ ಎಂದು ಪೇತ್ರ ಉತ್ತರಿಸುತ್ತಾನೆ. ಸೀನಾಯಿಯಲ್ಲೂ ಬೆಂಕಿಯಿತ್ತು, ಸದ್ದಿತ್ತು. ದೇವರ ಒಂದೊಂದು ನುಡಿಯೂ ಅಲ್ಲಿ ಎಪ್ಪತ್ತು ಭಾಷೆಗಳಾಗಿ ಹರಿಯಿತೆಂದು, ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಹೇಳುತ್ತದೆ. ಸೀನಾಯಿಯ ಬುಡದಲ್ಲೇ ಇಸ್ರಾಯೇಲರು ಚಿನ್ನದ ಕರುವನ್ನು ಪೂಜಿಸಿದ ಪ್ರಸಂಗದಲ್ಲಿ ಸತ್ತವರು ಸುಮಾರು ಮೂರು ಸಾವಿರ, ಪೇತ್ರನ ಮಾತು ಕೇಳಿ ದೀಕ್ಷಾಸ್ನಾನ ಪಡೆದವರೂ ಸುಮಾರು ಮೂರು ಸಾವಿರ. ಕ್ರೈಸ್ತ ವ್ಯಾಖ್ಯಾನಕಾರರು ಇದನ್ನು ಕಾಕತಾಳೀಯವೆಂದು ಒಪ್ಪಿದ್ದು ಕಡಿಮೆ. ಸುಗ್ಗಿಯ ಮಾತು ಕ್ರೈಸ್ತರಲ್ಲಿ ರೂಪಕವಾಗಿ ಉಳಿಯಿತು: ಸತ್ತವರೊಳಗಿಂದ ಎದ್ದ ಕ್ರಿಸ್ತನೇ ಪ್ರಥಮಫಲ ಎಂದು ಪೌಲ ಬರೆದ.

ಪೆಂತೆಕೋಸ್ತ್ ದಿನವನ್ನು ಎಣಿಸುವುದು ಈಸ್ಟರಿನಿಂದ; 325ರಲ್ಲಿ ನಡೆದ ಕ್ರೈಸ್ತ ಬಿಷಪ್ಪರ ನೈಸಿಯಾ ಸಭೆಯ ಬಳಿಕ ಈಸ್ಟರ್‌ನ ಲೆಕ್ಕ ಯೆಹೂದ್ಯ ಪಂಚಾಂಗದಿಂದ ಬೇರೆಯಾದಂತೆ ಈ ಎರಡು ಹಬ್ಬಗಳೂ ಬೇರೆಬೇರೆ ದಿನ ಬೀಳತೊಡಗಿದವು. 2024ರಲ್ಲಿ ಪೆಂತೆಕೋಸ್ತ್ ಮೇ 19ಕ್ಕೆ ಬಂದರೆ ಶಾವುವೋತ್ ಜೂನ್ 11ರ ಸಂಜೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮುಂಗಾರು ಬಿತ್ತನೆಯ ಹೊತ್ತು, ಕೊಯ್ಲಿಗೆ ಏನೂ ಇರುವುದಿಲ್ಲ. ಕರಾವಳಿಯ ಕಥೊಲಿಕರು ಹೊಸ ತೆನೆಯನ್ನು ಚರ್ಚಿಗೆ ತಂದು ಆಶೀರ್ವಾದ ಪಡೆಯುವುದು ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು. ಇಲ್ಲಿನ ಮಳೆ, ಇಲ್ಲಿನ ಭತ್ತ ನೋಡಿದರೆ ಅದೇ ಸರಿ.

ಯೆಹೂದ್ಯರು ಇಂದು ಶಾವುವೋತ್‌ನ ರಾತ್ರಿಯಿಡೀ ಎಚ್ಚರವಿದ್ದು ಧರ್ಮಗ್ರಂಥ ಓದುತ್ತಾರೆ, ಹಾಲಿನ ಅಡುಗೆ ಉಣ್ಣುತ್ತಾರೆ, ಸಿನಗಾಗ್‌ಗಳನ್ನು ಹಸಿರಿನಿಂದ ಸಿಂಗರಿಸುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಇಸ್ರೇಲಿನ ಕಿಬ್ಬುತ್ಸ್ ಎಂಬ ಕೂಡುಬಾಳ್ವೆಯ ಹಳ್ಳಿಗಳು ಈ ಹಬ್ಬವನ್ನು ಮತ್ತೆ ಹೊಲಕ್ಕೆ ಎಳೆದು ತಂದವು. ಅಲ್ಲಿ ಯಾಜಕರಿಲ್ಲ, ಚಿನ್ನದ ಕೊಂಬಿನ ಎತ್ತಿಲ್ಲ. ಅಲಂಕರಿಸಿದ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತವೆ, ಗೋದಿಯ ಸಿವುಡು ಮತ್ತು ಹಣ್ಣಿನ ಬುಟ್ಟಿಗಳ ಜೊತೆಗೆ ಆ ವರ್ಷ ಹುಟ್ಟಿದ ಕೂಸುಗಳನ್ನೂ ಪ್ರಥಮಫಲವೆಂದು ಎತ್ತಿಕೊಂಡು ಬರುತ್ತಾರೆ.